ನಾವಿಕನಾದ ನಗುವ ಕುರುಬ

ಟ್ರೆವನ್ ಬಂದರು, ಮಂಗಳವಾರ

ಪ್ರೀತಿಯ ಅಕ್ಕ,

ನಮ್ಮ ಸಂತೆಬೀದಿಯ ‘ನಗುವ ಕುರುಬ’ ಪಬ್ಬನ್ನು ಕಾರ್ಪೆಟ್ ಅಂಗಡಿ ಮಾಡಿದ ಮಹಾನುಭಾವರು, ಬಾಗಿಲ ಮೇಲಿದ್ದ ಚಿತ್ರದ ಹಲಗೆಯನ್ನು ಸುಟ್ಟೆವೆಂದದ್ದು ಶುದ್ಧ ಸುಳ್ಳು. ಅದು ಇಲ್ಲಿ, ಕಡಲ ದಂಡೆಯ ಪಬ್ಬೊಂದರ ಮುಂದೆ ತೂಗಾಡುತ್ತಿದೆ. ಅಂದು ಚಿತ್ರಗಾರನಿಗೆ ಮಾದರಿಯಾಗಿ ನಿಂತ ನಮ್ಮ ಆಂಬ್ರೋಸ್ ಮಾವನ ತಲೆಗೆ ಈಗ ನಾವಿಕನ ಟೋಪಿ ಬರೆದಿದ್ದಾರೆ. ಕಂಕುಳಲ್ಲಿದ್ದ ಕುರಿಮರಿಯನ್ನು ಮೀನು ಮಾಡಿದ್ದಾರೆ. ಮರಿಯ ಕಿವಿಗಳನ್ನು ಅಳಿಸಲು ಮಾತ್ರ ಮರೆತಿದ್ದಾರೆ.

ಒಳಗೆ ಹೋಗಿ ಒಡತಿಯನ್ನು ತರಾಟೆಗೆ ತೆಗೆದುಕೊಂಡೆ. “ಅವನು ನಾವಿಕ ಅಲ್ಲ ಕಣಮ್ಮ, ನಮ್ಮ ಮಾವ. ಸಮುದ್ರಾನೇ ಕಂಡವನಲ್ಲ.”

“ಈಗ ದಿನಾ ನೋಡ್ತಿದಾನಲ್ಲ, ಬಿಡಿ ಅಜ್ಜ,” ಅಂದಳು. “ಹಳೇ ಸಾಮಾನಿನ ಅಂಗಡೀಲಿ ಕೊಂಡಿದ್ದು. ಆ ಮೀನಿನ ಕಿವಿ ನೋಡಿ ಬೆಸ್ತರೆಲ್ಲ ಆಡ್ಕೊಂಡು ಆಡ್ಕೊಂಡು ನಂಗೂ ಸಾಕಾಗಿದೆ. ನಿಮ್ಮ ಮಾವಂದೇ ಅಂತ ಒಂದು ಫೋಟೋ ತೋರ್ಸಿ, ಇಳಿಸಿ ಕೊಡ್ತೀನಿ.”

ಹಿಂದೆ ನಮ್ಮ ಬೀದಿಯ ಎರಡು ಬದಿಗೂ ಪಬ್ಬುಗಳಿದ್ದವು. ಈಗ ಉಳಿದಿರುವುದು ‘ಕೆಂಪು ಗೂಳಿ’ ಒಂದೇ. ಹಲಗೆಯನ್ನು ಅಲ್ಲೇ ತೂಗುಹಾಕಿಸೋಣ, ಕಾರ್ಪೆಟ್ ಅಂಗಡಿಯವರಿಗೆ ದಿನವೂ ಕಾಣುವಂತೆ.

ನನ್ನ ಮಂಡಿನೋವು ವಾಸಿ. ಮಾವನ ಫೋಟೋ ಕೂಡಲೇ ಕಳಿಸು. ಚರ್ಚಿನ ಮುಂದೆ ತೆಗೆಸಿದ್ದು ಬೇಡ, ಕುಡಿದು ನಗುತ್ತಿರುವುದನ್ನೇ ಕಳಿಸು. ಗಂಭೀರವಾಗಿರುವ ಮಾವನನ್ನು ಮನೆಯವರೇ ಗುರುತು ಹಿಡಿಯುವುದಿಲ್ಲ.

ನಿನ್ನ ತಮ್ಮ,
ಎಡ್ಗರ್