ಅವ್ವನಿಗಾಗಿ ಹಾಕುವ ಬಳೆ

ಕೇಳ್ರಿ,

ನೀವು ತೀರಿಕೊಂಡದ್ದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಯಾದಗಿರಿಯ ವೃದ್ಧಾಶ್ರಮಕ್ಕೆ ಅವಳನ್ನು ನೋಡಲು ಹೋಗುವಾಗ ಮಾತ್ರ ಹಸಿರು ಬಳೆ ಹಾಕಿಕೊಳ್ಳುತ್ತೇನೆ. ಬರುವಾಗ ಬಸ್ಸು ಭೀಮಾ ಸೇತುವೆ ಮುಟ್ಟುವ ಮೊದಲೇ ತೆಗೆದು ಚೀಲಕ್ಕೆ ಹಾಕುತ್ತೇನೆ.

ಇವತ್ತು ನರ್ಸ್ ಸಮ್ರೀನ್ ಬಾಗಿಲಲ್ಲೇ ತಡೆದಳು. "ಒಳಗ ಇಬ್ರಿಗೆ ವಾಂತಿ-ಭೇದಿ ಸುರು ಆಗ್ಯಾದ್ರಿ ಅಕ್ಕಾ. ಬಳಿ ತಗದು, ಮೊಣಕೈ ತನಕ ಸಾಬೂನು ಹಚ್ಚಿ ತೊಳಕೊಂಡು ಬರ್ರಿ."

ಅವಳು ಹೇಳಿದ್ದು ಸರಿಯೇ ಇತ್ತು. ಬಳೆ ತೆಗೆದೆ.

ಅವ್ವ ನನ್ನ ಮುಖ ನೋಡಲೇ ಇಲ್ಲ. ಬರಿಗೈ ಹಿಡಿದು ಸವರುತ್ತಾ, "ಅಳಿಯಾರು ಯಾವಾಗ ಹೋದ್ರವ್ವಾ?" ಎಂದು ಅಳತೊಡಗಿದಳು.

"ಕೈ ತೊಳಿಯಾಕ ತಗದೀನವ್ವಾ. ಅವರು ಮನ್ಯಾಗ ಅದಾರ," ಅಂದೆ. ನಂಬಲಿಲ್ಲ.

ಹೊರಗೆ ಬಂದು ಬಳೆ ಹಾಕಿಕೊಂಡೆ. ಅವಳ ಕಿಟಕಿಯಾಚೆ ನಿಂತು ಎರಡೂ ಕೈ ಆಡಿಸಿದೆ. ಸದ್ದು ಕೇಳಿ ಅವ್ವ ಕಣ್ಣೊರೆಸಿಕೊಂಡು ನಕ್ಕಳು. ಸರಳುಗಳ ಹಿಂದಿನಿಂದಲೇ ಕೈ ಎತ್ತಿ, "ಮುತ್ತೈದಿಯಾಗಿ ನೂರು ವರ್ಷ ಬಾಳವ್ವಾ," ಎಂದು ಹರಸಿದಳು.

ಈಗ ಶಹಾಪುರದ ಬಸ್ಸಿನಲ್ಲಿದ್ದೇನೆ. ಸೇತುವೆ ದಾಟಿ ಬಹಳ ಹೊತ್ತಾಯಿತು. ಬಳೆ ಇನ್ನೂ ಕೈಯಲ್ಲೇ ಇವೆ. ಓಣಿಯವರು ನೋಡಿದರೆ ನೋಡಲಿ, ಏನಾದರೂ ಅನ್ನಲಿ.

ಇವತ್ತೊಂದಿನ ಮನ್ಯಾಗ ಇರ್ರಿ.