ಹಸಿರು ಮದ್ಯದ ಚರಿತ್ರೆ ಹೇಳಿದ ಸಂಜೆ

ದೋಹಾ ಅಲ್ ಜದೀದಾ, ಕತಾರ್
೧೪ ನವೆಂಬರ್ ೨೦೨೪

ಪ್ರೀತಿಯ ಅಜ್ಜಿಗೆ,

ನಿಮ್ಮ ನಿಶ್ಮಿತಾ ಮಾಡುವ ನಮಸ್ಕಾರಗಳು. ಮೊಣಕಾಲಿನ ನೋವು ಹೇಗಿದೆ? ಇಷ್ಟು ದಿನ ಬರೆಯದೇ ಇದ್ದುದಕ್ಕೆ ಸಿಟ್ಟಾಗಬೇಡಿ. ಫೋನಿನಲ್ಲಿ ಮಾತಾಡುತ್ತಲೇ ಇದ್ದೆವು ನಿಜ. ಆದರೆ ಈ ವಿಷಯವನ್ನು ನಿಮ್ಮ ದನಿ ಕೇಳುತ್ತ ಹೇಳಲು ನನ್ನಿಂದಾಗಲಿಲ್ಲ.

ಸಾಹಿತ್ಯ ಓದಿದವಳಲ್ಲವೇ ಎಂದು ನಮ್ಮ ಹೋಟೆಲಿನ ಮ್ಯಾನೇಜರ್ ಕಳೆದ ವಾರ ನನ್ನನ್ನು ಬಾರಿನ ಅತಿಥಿಗಳ ಮುಂದೆ ನಿಲ್ಲಿಸಿ, ಒಂದು ಮದ್ಯದ ಚರಿತ್ರೆ ಹೇಳಿಸಿದರು. ಅದರ ಹೆಸರು ಶಾರ್ತ್ರೂಸ್. ಫ್ರಾನ್ಸಿನ ಬೆಟ್ಟದ ಮಠದವರು ನೂರಮೂವತ್ತು ಬಗೆಯ ಗಿಡಮೂಲಿಕೆ ಹಾಕಿ ಇಳಿಸುವ ಹಸಿರು ಮದ್ಯ. ಮೊದಲು ಅದು ಔಷಧವೇ ಆಗಿತ್ತು. ಮಾಡುವ ಕ್ರಮ ಇಬ್ಬರು ಮೂವರು ಸನ್ಯಾಸಿಗಳಿಗಷ್ಟೇ ಗೊತ್ತು. ನೂರಿಪ್ಪತ್ತು ವರ್ಷಗಳ ಹಿಂದೆ ಸರ್ಕಾರ ಅವರನ್ನು ಓಡಿಸಿದಾಗ ಸ್ಪೇನಿಗೆ ಹೋಗಿ ಅಲ್ಲೇ ಭಟ್ಟಿ ಹೂಡಿದರು. ಇದನ್ನು ಹೇಳುವಾಗ ಆ ಸರ್ಕಾರವನ್ನು ಎರಡು ಮಾತು ಬೈದೂಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ಅಲ್ ಖೋರ್‌ನಿಂದ ಬಂದಿದ್ದ ಪಾಸ್ಕಲ್ ಎಂಬವರು, ನಮ್ಮ ಮೂಲ್ಕಿ ಕಡೆಯವರೇ, ಕನ್ನಡದಲ್ಲಿ ಜೋರಾಗಿ ಹೇಳಿದರು: “ಇದೆಲ್ಲ ಎಂಥದು ಮಾರಾಯ್ರೆ! ನಮ್ಮಲ್ಲಿ ಉಮಕ್ಕ ಅಂತ ಇದ್ರು. ಅವರ ಬಾಣಂತಿ ಮದ್ದು ಒಂದು ಚಮಚ ಕುಡಿದ್ರೆ ಈ ಸನ್ಯಾಸಿಗಳೂ ಎದ್ದು ಕುಣೀತಿದ್ರು. ಅಬಕಾರಿಯವರು ಬಂದ್ರೆ ಹಂಡೆಗೆ ಸೀರೆ ಹೊದೆಸಿ, ಬಾಣಂತಿ ಮಲಗಿದ್ದಾಳೆ, ಒಳಗೆ ಬರ್ಬೇಡಿ ಅಂತಿದ್ರಂತೆ!”

ನನ್ನ ಜೊತೆ ಕೆಲಸ ಮಾಡುವ ಗ್ರೀಷ್ಮಾ ಕಿಸಕ್ಕನೆ ನಕ್ಕಳು. “ಅಯ್ಯೋ, ಕಳ್ಳಭಟ್ಟಿಯಾ? ಯಾರ ಮನೆಯ ಅಜ್ಜಿಯೋ ಪಾಪ!”

ಆ ಉಮಕ್ಕ ನನ್ನ ಅಜ್ಜಿ, ಅಂದರೆ ನೀವೇ, ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀವು ಟೀಚರಾಗಿದ್ದಿರಿ ಎಂದು ಗ್ರೀಷ್ಮಾಳಿಗೆ ನಾನೇ ಹೇಳಿಟ್ಟಿದ್ದೆ. ನಾನೂ ನಕ್ಕೆ ಅಜ್ಜಿ. ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕೆ.

ನಿಮ್ಮದೂ ಅಂಥದೇ ಬೇರು, ಅಂಥದೇ ಹೊಗೆ. ನಿಮ್ಮ ಹಂಡೆಯನ್ನೂ ಸರ್ಕಾರದವರೇ ಬಂದು ಒಡೆದರು. ಯಾರೋ ಸನ್ಯಾಸಿಗಳಿಗಾಗಿ ಸರ್ಕಾರವನ್ನು ಬೈದವಳಿಗೆ ನಿಮಗಾಗಿ ಒಂದು ಮಾತು ಹೊರಡಲಿಲ್ಲ.

ಇಲ್ಲಿ ಈಗ ಹವೆ ತಂಪಾಗಿದೆ. ಸೂಕ್ ವಾಕಿಫ್ ಎಂಬ ಹಳೇ ಪೇಟೆಯಲ್ಲಿ ನಿಮಗೊಂದು ಶಾಲು ತೆಗೆದಿದ್ದೇನೆ, ಯಜ್ಞೇಶಣ್ಣ ಊರಿಗೆ ಬರುವಾಗ ತರುತ್ತಾರೆ. ಆಶೀರ್ವಾದ ಮಾಡಿ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಮಾಡಿ.

ನಿಮ್ಮ ಮೊಮ್ಮಗಳು,
ನಿಶ್ಮಿತಾ

ತಾ.ಕ.: ಹೊರಡುವ ಮೊದಲು ಪಾಸ್ಕಲ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ನಾನು ಹುಟ್ಟಿದಾಗ ಅಮ್ಮ ಉಳಿಯೂದಿಲ್ಲ ಅಂತ ಎಲ್ಲರೂ ಕೈ ಬಿಟ್ಟಿದ್ರಂತೆ. ಉಮಕ್ಕನ ಮದ್ದಿನಲ್ಲೇ ಎದ್ದು ಕೂತದ್ದು ಅಂತ ಅಮ್ಮ ಈಗಲೂ ಹೇಳ್ತಾರೆ. ಕ್ರಿಸ್ಮಸ್‌ಗೆ ಊರಿಗೆ ಹೋಗ್ತೇನೆ, ಒಮ್ಮೆ ಉಮಕ್ಕನ ಕಾಲು ಮುಟ್ಬೇಕು. ನೀವೂ ಆ ಕಡೆಯವರಲ್ವಾ, ಅವರು ಇದ್ದಾರಾ, ನಿಮಗೆ ಗೊತ್ತುಂಟಾ?” ಗ್ರೀಷ್ಮಾ ಪಕ್ಕದಲ್ಲೇ ನಿಂತಿದ್ದಳು. “ತೀರಿಕೊಂಡರಂತೆ” ಎಂದೆ. ಅವರು ಶಿಲುಬೆಯ ಗುರುತು ಹಾಕಿಕೊಂಡು, ಕಣ್ಣು ಮುಚ್ಚಿ, ನಿಮ್ಮ ಆತ್ಮಕ್ಕಾಗಿ ಪ್ರಾರ್ಥಿಸಿದರು. ಮುಗಿಯುವವರೆಗೆ ನಾನೂ ತಲೆ ಬಗ್ಗಿಸಿ ನಿಂತಿದ್ದೆ.