ಗೋಸುಂಬೆ ಕಣ್ಣು ಬಿಟ್ಟ ದಿನ

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ
ಹದಿನೇಳನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಎಡಗಿವಿ ಹೇಗಿದೆ? ಮೊದಲು ಅದನ್ನು ಹೇಳು. ಹೋದ ವಾರ ಜಾಲರಿಯ ಆಚೆಯಿಂದ ನೀನು ತಲೆ ವಾರೆ ಮಾಡಿಕೊಂಡು ನನ್ನ ಮಾತು ಕೇಳುತ್ತಿದ್ದಾಗಲೇ ಜೈಲಿನಲ್ಲಿ ಯಾರೋ ಬಾರಿಸಿದ್ದಾರೆಂದು ಗೊತ್ತಾಯಿತು. "ಸ್ನಾನಕ್ಕೆ ಹೋದಾಗ ಜಾರಿಬಿದ್ದೆ ಅಕ್ಕಾ" ಅಂದೆ. ಜಾರಿಬಿದ್ದವನ ಕೆನ್ನೆಯ ಮೇಲೆ ಐದು ಬೆರಳು ಮೂಡುತ್ತವೇನೋ, ಪೆದ್ದ? ಚಿಕ್ಕವನಿದ್ದಾಗಿಂದ ನಿನಗೆ ಸುಳ್ಳು ಹೇಳಲು ಬಂದದ್ದೇ ಇಲ್ಲ. ಜನ್ಮದಲ್ಲಿ ಒಂದೇ ಒಂದು ಸುಳ್ಳನ್ನು ನೀಟಾಗಿ ಹೇಳಿದೆ, ಅದನ್ನು ಊರೆಲ್ಲ ನಂಬಿತು. ಇರಲಿ. ಈ ಕಾಗದವನ್ನು ನಿನಗಿಂತ ಮೊದಲು ಅಲ್ಲಿಯ ಸಾಹೇಬರು ಒಡೆದು ಓದುತ್ತಾರಂತೆ, ಅದಕ್ಕೇ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ.

ನಿನ್ನ ಗೋಸುಂಬೆರಾಯರು ಬದುಕಿದ್ದಾರೆ. ಬದುಕಿದ್ದಾರೆ ಅಂತ ಬರೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಇಸ್ತ್ರಿ ಮಾಡುತ್ತಾ ನಿಂತರೆ ದಿನಾ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತದೆ. ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಎದುರಿನ ಗುಜರಿಯವನು ಬೇಲಿಯ ಮೇಲಿದ್ದ ಆ ಬಡಪ್ರಾಣಿಯನ್ನು ಕಬ್ಬಿಣದ ಕೊಳವೆಯಿಂದ ಕೆಳಗೆ ಬೀಳಿಸಿ, ಬಿದ್ದ ಮೇಲೂ ಹಲ್ಲು ಕಚ್ಚಿ ಬಡಿಯುತ್ತಿದ್ದ. ಅದು ಅವನಿಗೆ ಏನು ಮಾಡಿತ್ತು? ನೀನು ಓಡಿಹೋಗಿ ಅದರ ಮೇಲೆ ಮುದುರಿ ಬಿದ್ದೆ. ಅವನೋ, ಗೋಸುಂಬೆ ಯಾವುದು ಮನುಷ್ಯ ಯಾವುದು ಅಂತ ನೋಡಲೂ ಇಲ್ಲ. ಒಂದು, ಎರಡು, ಮೂರು. ನಿನ್ನ ಬೆನ್ನುಮೂಳೆಯ ಮೇಲೆ ಕೊಳವೆ ಬಿದ್ದ ಸದ್ದು ಅಂಗಡಿಯ ಒಳಗಿದ್ದ ನನಗೆ ಕೇಳಿತು. ಆಮೇಲೆ ಆದದ್ದನ್ನು ಠಾಣೆಯಲ್ಲಿ ನೀನೇ ಹೇಳಿ ಸಹಿ ಹಾಕಿದ್ದೀಯ, ಅವನ ಕೊಳವೆ ಕಿತ್ತುಕೊಂಡು ಅವನಿಗೇ ಹೊಡೆದೆ ಅಂತ. ತಲೆ ಒಡೆದು ರಕ್ತ ಚರಂಡಿಯವರೆಗೆ ಹರಿದಿತ್ತು. ಅವನು ಈಗಲೂ ಆಸ್ಪತ್ರೆಯಲ್ಲೇ ಇದ್ದಾನೆ, ಸಾಯುವುದಿಲ್ಲವಂತೆ.

ವ್ಯಾನು ಹತ್ತುವಾಗ ನೀನು ಕೂಗಿ ಹೇಳಿದ್ದು ಇಷ್ಟು: "ಅಕ್ಕಾ, ಬಟ್ಟಲಲ್ಲಿ ನೀರಿಟ್ರೆ ಅದು ಕುಡಿಯಲ್ಲ, ಎಲೆ ಮೇಲೆ ಹನಿಸು. ಅದು ತಾನಾಗೇ ತಿನ್ನೋವರೆಗೂ ನೀನು ಎಲ್ಲೂ ಹೋಗ್ಬೇಡ, ನನ್ನಾಣೆ." ಪೊಲೀಸರು ನಕ್ಕರು. ನಾನು ನಗಲಿಲ್ಲ, ನೀನು ಯಾಕೆ ಆಣೆ ಹಾಕಿದೆ ಅಂತ ನನಗೆ ಗೊತ್ತಿತ್ತು.

ಸರಿ, ಹನಿಸಿದೆ. ಇಸ್ತ್ರಿ ಅಂಗಡಿಯವಳಿಗೆ ಹನಿಸುವುದನ್ನು ಯಾರಾದರೂ ಕಲಿಸಬೇಕೇ? ಮೇಜಿನ ಮೇಲಿದ್ದ ಸಿಂಪಡಿಸುವ ಬಾಟಲಿ ತೆಗೆದುಕೊಂಡು ಎರಡು ದಿನ ಎಲೆಗೂ ಅದರ ಮುಖಕ್ಕೂ ಚೆನ್ನಾಗಿ ಹೊಡೆದೆ. ಮೂರನೇ ದಿನ ನೋಡುತ್ತೇನೆ, ಎರಡು ಕಣ್ಣೂ ಅಂಟಿಕೊಂಡು ಬಿಳಿ ಪೊರೆ ಕಟ್ಟಿದೆ, ಬಾಯಂಚು ಗರಿಗರಿ. ಬಾಟಲಿ ಎತ್ತಿ ಮೂಸಿ ನೋಡಿದೆ. ಬಾಟಲಿಯಲ್ಲಿದ್ದದ್ದು ನೀರಲ್ಲ ಕಣೋ, ಕಾಲರಿಗೆ ಹೊಡೆಯುವ ಗಂಜಿ! ಮುರಿದ ಕಾಲಿನ ಪ್ರಾಣಿಯನ್ನು ಅಂಗಿಯ ಹಾಗೆ ಗಂಜಿ ಹಾಕಿ ಒಣಗಿಸಿಬಿಟ್ಟಿದ್ದೆ. ತಲೆತಲೆ ಚಚ್ಚಿಕೊಂಡೆ.

ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದೆ. ದಪ್ಪ ಕನ್ನಡಕದವರು, ಮಾತು ಕಡ್ಡಿ ಮುರಿದ ಹಾಗೆ. ಎಕ್ಸ್‌ರೇ, ಕಣ್ಣಿಗೆ ಔಷಧಿ, ದಿನ ಬಿಟ್ಟು ದಿನ ಸೂಜಿ, ಸಿರಿಂಜಿನಲ್ಲಿ ಕುಡಿಸುವ ಪುಡಿ ಎಂದು ಬರೆಯುತ್ತಾ ಹೋದರು. ಪ್ರಾಣಿಗಿಂತ ಬಿಲ್ಲಿನ ಕಾಗದವೇ ಉದ್ದವಿತ್ತು. ಇದ್ದಬದ್ದದ್ದೆಲ್ಲ ನಿನ್ನ ವಕೀಲರಿಗೆ ಹೋಗಿತ್ತು. "ಕೈಲಾಗಲ್ಲ ಅಂದ್ರೆ ಹೇಳಿ, ನೋವಿಲ್ಲದ ಹಾಗೆ ಮಲಗಿಸಿಬಿಡ್ತೀನಿ" ಅಂದರು. ನನ್ನ ಕೋಪ ಎಲ್ಲಿರುತ್ತದೆಂದು ನಿನಗೆ ಗೊತ್ತಲ್ಲ, ಮೂಗಿನ ತುದಿಯಲ್ಲಿ. ಅವರ ಬಿಳಿ ಕೋಟು ತೋರಿಸಿ, "ಮೊದಲು ಇದರ ಸುಕ್ಕು ನೋಡಿಕೊಳ್ಳಿ, ಆಮೇಲೆ ಕೊಲ್ಲುವ ಮಾತಾಡಿ" ಅಂದುಬಿಟ್ಟೆ. ಅವರು ನಕ್ಕುಬಿಟ್ಟರು. ಅಂದಿನಿಂದ ಆಸ್ಪತ್ರೆಯ ಕೋಟು, ಹಾಸಿಗೆ ಬಟ್ಟೆ, ಪರದೆ ಎಲ್ಲ ನನ್ನ ಮೇಜಿಗೆ ಬರುತ್ತವೆ. ಗೋಸುಂಬೆ ಅವರ ಮೇಜಿಗೆ ಹೋಗುತ್ತದೆ. ಸೂಜಿ ಚುಚ್ಚುವುದನ್ನು ನನಗೇ ಕಲಿಸಿದರು. ಮೊದಲ ಸಲ ಚುಚ್ಚಿದಾಗ ಅದು ತಿರುಗಿ ಹೆಬ್ಬೆರಳು ಕಚ್ಚಿ ಹಿಡಿಯಿತು, ಬಿಡಲೇ ಇಲ್ಲ. ಕಚ್ಚಲಿ ಅಂತ ಸುಮ್ಮನಿದ್ದೆ.

ಇನ್ನೊಂದು ವಿಷಯ ಮುಚ್ಚಿಡಬೇಕೆಂದಿದ್ದೆ. ಮೊನ್ನೆ ಶನಿವಾರ ಗುಜರಿಯವನ ಭಾವಮೈದುನರಿಬ್ಬರು ಬಂದರು. ಗಾಜು ಪುಡಿಪುಡಿ ಮಾಡಿದರು. ಗಿರಾಕಿಗಳ ಬಟ್ಟೆಗಂಟನ್ನು ಚರಂಡಿಗೆ ಒದ್ದರು. ಒಬ್ಬ ನನ್ನ ಕೂದಲು ಹಿಡಿದು ಗೋಡೆಗೆ ಎರಡು ಸಲ ಗುದ್ದಿದ, ಹಣೆ ಬಿರಿಯಿತು. ಇನ್ನೊಬ್ಬ "ಇದೇನಾ ಆ ದರಿದ್ರದ್ದು" ಎನ್ನುತ್ತಾ ಗೋಸುಂಬೆಯ ಪಂಜರದೊಳಗೆ ಕೈ ಹಾಕಿದ. ಅದರ ಕುತ್ತಿಗೆ ಅವನ ಬೆರಳಿಗೆ ಸಿಕ್ಕುವುದರಲ್ಲಿತ್ತು. ಕಾದಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಅವನ ಮೊಣಕೈ ಮೇಲೆ ಒತ್ತಿ ಹಿಡಿದೆ. ಸುಳ್ಳು ಹೇಳುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದೆ. ಚರ್ಮ ಸುಟ್ಟ ವಾಸನೆ ಇನ್ನೂ ಈ ಕೋಣೆ ಬಿಟ್ಟು ಹೋಗಿಲ್ಲ. ಇಬ್ಬರೂ ಬೊಬ್ಬೆ ಹಾಕಿಕೊಂಡು ಓಡಿದರು.

ಆಮೇಲೆ ಪಂಜರದ ಹತ್ತಿರ ಹೋದೆ. ಆ ಹೊತ್ತಿಗೆ ಅದು ಒಂದು ಕಣ್ಣು ಅರ್ಧ ಬಿಟ್ಟಿತ್ತು. ಕಪ್ಪಗೆ, ಇದ್ದಿಲಿನಂತೆ ಕಪ್ಪಗೆ ಆಗಿ, ಬಾಯಿ ತೆರೆದು ಬುಸುಗುಟ್ಟಿತು. ಓಡಿಹೋದವರನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಹಣೆಯ ರಕ್ತ ಒರೆಸಿಕೊಳ್ಳಲೂ ಮನಸ್ಸಾಗದೆ ನೆಲದ ಮೇಲೆ ಕೂತು ಅತ್ತೆ. ಈ ಕೈಯ ಬಗ್ಗೆ ನನಗೇ ಭಯವಾಗುತ್ತದೆ ಕಣೋ. ಇದೇ ಕೈಯಲ್ಲಿ ಹತ್ತಿ ಒದ್ದೆ ಮಾಡಿ ದಿನಾ ಅದರ ರೆಪ್ಪೆ ಒರೆಸುತ್ತೇನೆ, ಕೂದಲೆಳೆ ಎತ್ತಿದಷ್ಟು ಹಗುರಾಗಿ.

ಇವತ್ತು ಬೆಳಿಗ್ಗೆ ಎರಡೂ ಕಣ್ಣು ಪೂರ್ತಿ ಬಿಟ್ಟಿತು. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಇಸ್ತ್ರಿಪೆಟ್ಟಿಗೆಯ ಕಡೆ. ನಿನ್ನ ಹೊಟ್ಟೆಯಡಿ ಸಿಕ್ಕಿಕೊಂಡಿದ್ದಾಗ ಆ ಕಣ್ಣುಗಳು ತೆರೆದೇ ಇದ್ದವಲ್ಲ ಅಂತ ನೆನಪಾಯಿತು. ಒಂದು ಮಿಡತೆ ಒಳಗೆ ಬಿಟ್ಟೆ. ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ನಾಲಿಗೆ ಟಪ್ಪೆಂದು ಹೊರಗೆ ಬಂತು, ಮಿಡತೆ ಮಾಯ. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಅದು ತಾನಾಗೇ ತಿಂದಿತು, ತಮ್ಮಾ.

ಬೆನ್ನು ನೋಯುವ ಕಡೆ ಮಲಗಬೇಡ. ಯಾರಾದರೂ ಕೆಣಕಿದರೆ ಬಾಯಿ ಮುಚ್ಚಿಕೊಂಡಿರು, ನಿನ್ನ ಪಾಲಿನ ಬೈಗುಳವನ್ನು ನಾನು ಇಲ್ಲಿಂದಲೇ ಬೈಯುತ್ತಿದ್ದೇನೆ. ನೂರು ಕಾಲ ಬಾಳು, ನನ್ನ ಕೂಸೇ.

ನಿನ್ನ
ಅಕ್ಕ

ತಾ.ಕ.: ನೀರಿನ ಬಾಟಲಿಗೆ ಹಸಿರು ದಾರ ಕಟ್ಟಿದ್ದೇನೆ, ಗಂಜಿಯದ್ದಕ್ಕೆ ಕೆಂಪು. ಮರೆಯಬೇಡ, ಇನ್ನು ಮೇಲೆ ಹನಿಸುವವನು ನೀನೇ. ನೀನು ಬರುವವರೆಗೆ ಅದು ಡಾಕ್ಟರಮ್ಮನ ಹತ್ತಿರ ಇರುತ್ತದೆ, ಅಂಗಡಿಯ ಬೀಗದ ಕೈಯೂ ಅವರ ಹತ್ತಿರವೇ. ನಿನ್ನ ಆಣೆಯನ್ನು ನಾನು ಮುರಿದಿಲ್ಲ, ಅದು ತಿನ್ನುವವರೆಗೂ ಕಾದಿದ್ದೇನೆ. ಕಾಗದ ಒಡೆದು ಓದುವ ಸಾಹೇಬರೇ, ಇಲ್ಲಿಂದ ಮುಂದಿನದು ನಿಮಗೆ: ಗುಜರಿಯವನಿಗೆ ಹೊಡೆದದ್ದು ನಾನು. ಹಿಂದಿನಿಂದ ಬಂದೆ, ಅವನು ನನ್ನನ್ನು ನೋಡಲಿಲ್ಲ. ತಲೆಯ ಗಾಯ ಮೂರು ಮೂಲೆಯದ್ದು, ಕೊಳವೆಯಿಂದ ಅಂಥ ಗಾಯ ಆಗುವುದಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಈಗಲೇ ಠಾಣೆಗೆ ಹೊರಟಿದ್ದೇನೆ. ನಾನು ಒಳಗೆ ಬರುವವರೆಗೆ ನನ್ನ ತಮ್ಮನ ಇನ್ನೊಂದು ಕಿವಿಯ ತಂಟೆಗೆ ಯಾರೂ ಹೋಗಬೇಡಿ.